ಕೆಂಪು ತುದಿಯ ತುಂಡು

ಜೂನ್ ೨, ಸೋಮವಾರ

ಮುರಿದ ಪಿನ್ನಿನ ಎರಡು ಚೂರು ನನ್ನೆದುರಿನ ಸಾಸರಿನಲ್ಲಿವೆ. ಇವರು ಒಳಗೆ ಮಲಗಿದ್ದಾರೆ. ಮಣಿಕಟ್ಟು ಊದಿಕೊಂಡಿದೆ, ಮೂಳೆ ಮುರಿದಿಲ್ಲ ಎಂದು ಡಾಕ್ಟರು ಎಕ್ಸ್‌ರೇ ನೋಡಿ ಹೇಳಿದರು. ಗದ್ದಕ್ಕೆ ಹೊಲಿಗೆ ಬಿದ್ದಿದೆ.

ಕರಡು ತಿದ್ದುವ ಕೆಲಸ ಮುಗಿಸಿ ಮುದ್ರಣಾಲಯದ ಮೆಟ್ಟಿಲಿಳಿಯುವಾಗ ಎಡಗಾಲಿನ ಕ್ಯಾಲಿಪರ್ ಮಂಡಿಯ ಬಳಿ ಕಳಚಿಕೊಂಡಿತಂತೆ, ಕರೆತಂದವರು ಹೇಳಿದರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಆ ಕಾಲಿನ ಬಲ ಹೋಗಿದೆ. ತೊಡೆಯಿಂದ ಬೂಟಿನವರೆಗೆ ಇಳಿಯುವ ಉಕ್ಕಿನ ಪಟ್ಟಿಗಳು, ಚರ್ಮದ ಬೆಲ್ಟುಗಳು, ಮಂಡಿಯಲ್ಲೊಂದು ಕೀಲು. ಅದೇ ಅವರ ಕಾಲು. ಕೀಲಿನ ಪಿನ್ನು ಹೋದರೆ ಕಾಲೇ ಹೋದಂತೆ.

ಆ ಪಿನ್ನು ಮಾಡಿದವಳು ನಾನು.

ಕಚೇರಿಯಲ್ಲಿ ದಿನವಿಡೀ ಇಂಗ್ಲಿಷಿನಲ್ಲಿ ಬರೆಯುವವಳು ಇದನ್ನೂ ಅದರಲ್ಲೇ ಬರೆಯಲು ಕೂತೆ. ನಾಲ್ಕು ಸಾಲಿಗೇ ಆಡಿಟ್ ವರದಿಯಂತಾಯಿತು, ಹರಿದು ಹಾಕಿದೆ. ಶಾಲೆಯಲ್ಲಿ ನಮಗೆ ಕನ್ನಡವೆಂದರೆ ಆಟದ ಪೀರಿಯಡ್ಡಿಗೆ ಮೊದಲಿನ ನಿದ್ದೆಯ ಪೀರಿಯಡ್ಡು. ಒತ್ತಕ್ಷರ ತಪ್ಪಿದರೆ ತಪ್ಪಲಿ, ಓದುವವಳು ನಾನೊಬ್ಬಳೇ.

ಕಳೆದ ವರ್ಷ ಲೋಹ ಕಡೆಯುವ ಹಳೆಯದೊಂದು ಪುಟ್ಟ ಲೇತು ಕೊಂಡೆ. ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ ಅದಕ್ಕೆ ಜಾಗ ಮಾಡಿದೆ. ಡ್ರಾಯರಿಗೆ ಗುಬುಟು, ಡಬ್ಬಿಗೆ ಮುಚ್ಚಳ, ಒಂದು ಬುಗುರಿ. ಆಡಿಟಿನಲ್ಲಿ ಬಿಲ್ಲುಗಳನ್ನು ಅನುಮಾನಿಸಿ ಅನುಮಾನಿಸಿ ದಣಿದವಳಿಗೆ, ಇಟ್ಟ ಅಳತೆಗೆ ಸರಿಯಾಗಿ ಬಂದು ಕೂರುವ ಲೋಹ ಎಷ್ಟು ಸಮಾಧಾನ ಕೊಡುತ್ತಿತ್ತು! ಆಮೇಲೆ ಇವರ ಹಳೆಯ ಪಿನ್ನು ಸವೆಯಿತು. ಕ್ಯಾಲಿಪರ್ ಮಾಡಿಕೊಟ್ಟವರು ಅಂಗಡಿ ಮುಚ್ಚಿದ್ದಾರೆ. ಹೊಸಬರು ಪಿನ್ನು ಕೊಡುವುದಿಲ್ಲ, ಇಡೀ ಕ್ಯಾಲಿಪರ್ ಬದಲಿಸಿ ಎನ್ನುತ್ತಾರೆ. "ನಾನು ಮಾಡಿಕೊಡಲಾ?" ಎಂದೆ. ಮಾಡಿದೆ. ಕನ್ನಡಿಯಂತೆ ಹೊಳೆಯುತ್ತಿತ್ತು. ಇವರು ಬಂದವರಿಗೆಲ್ಲ ಪ್ಯಾಂಟು ಮಡಚಿ ತೋರಿಸುತ್ತಿದ್ದರು: "ಎಲ್ಲರ ಹೆಂಡತಿ ಸ್ವೆಟರ್ ಹಾಕ್ತಾರೆ, ನನ್ನ ಹೆಂಡತಿ ಮಂಡಿ ಹಾಕಿದ್ದಾಳೆ."

ಅಳತೆ ತಪ್ಪಿರಲಿಲ್ಲ. ಅದನ್ನು ಮೂರು ಸಲ ನೋಡಿದ್ದೇನೆ. ಹಾಗಾದರೆ ತಪ್ಪಿದ್ದು ಲೋಹ. ಲೋಹ ಕೊಟ್ಟವನು ಯಾರು?

ಜೂನ್ ೪, ಬುಧವಾರ

ಈ ಹವ್ಯಾಸದಲ್ಲಿ ಲೇತು ಸಿಗುವುದು ಸುಲಭ, ಲೋಹ ಸಿಗುವುದೇ ಕಷ್ಟ. ದೊಡ್ಡ ಅಂಗಡಿಗಳಲ್ಲಿ ಕಂಬಿ ಆಳಿಗಿಂತ ಉದ್ದ. ಪೂರ್ತಿ ಕೊಳ್ಳುವುದಾದರೆ ಮಾತ್ರ ಮಾತಾಡಿಸುತ್ತಾರೆ. ನನಗೆ ಬೇಕಾದದ್ದು ಗೇಣುದ್ದ. "ಗೇಣುದ್ದಕ್ಕೆ ಗರಗಸ ಎಬ್ಬಿಸಿದ್ರೆ ಗರಗಸಕ್ಕೇ ಬೇಜಾರಾಗತ್ತೆ ಮೇಡಂ" ಎಂದು ಒಬ್ಬ ನಕ್ಕಿದ್ದ. ಪಾರ್ಸೆಲ್ಲಿನಲ್ಲಿ ತರಿಸಿದರೆ ತುಂಡಿಗಿಂತ ಸಾಗಣೆಯೇ ದುಬಾರಿ. ವರ್ಕ್‌ಶಾಪುಗಳಲ್ಲಿ ಉಳಿದ ಚೂರು ಕೇಳಿದರೆ ಧಾರಾಳವಾಗಿ ಕೊಡುತ್ತಾರೆ, ಆದರೆ ಅದು ಯಾವ ಲೋಹ ಎಂಬುದು ಕೊಟ್ಟವರಿಗೂ ಗೊತ್ತಿರುವುದಿಲ್ಲ.

ಊರಿಗೆಲ್ಲ ಗೇಣು ಮೊಳದ ಲೆಕ್ಕದಲ್ಲಿ ಕತ್ತರಿಸಿ, ನ್ಯಾಯವಾದ ಬೆಲೆಗೆ ಕೊಡುವವನು ಒಬ್ಬನೇ. ಲೇತು ಇಟ್ಟುಕೊಂಡ ನಮ್ಮ ಫೋನಿನ ಗುಂಪಿನವರು ಅವನಿಗೆ ತುಂಡುರಾಯ ಎಂದು ಹೆಸರಿಟ್ಟಿದ್ದಾರೆ. ಅವನ ಅಂಗಡಿಯಲ್ಲಿ ಕಂಬಿಯ ತುದಿಗೆ ಬಣ್ಣ ಬಳಿದಿರುತ್ತದೆ, ಕತ್ತರಿಸಿದ ತುಂಡಿಗೂ ಒಂದು ತುದಿಗೆ ಬಳಿದೇ ಕೊಡುತ್ತಾನೆ. ಹಳದಿ ಎಂದರೆ ಮೃದು ಉಕ್ಕು, ಬೆಣ್ಣೆಯಂತೆ ಕಡೆಯಬಹುದು, ಗುಬುಟಿಗೆ ಸಾಕು. ಕೆಂಪು ಎಂದರೆ ಗಟ್ಟಿ ಉಕ್ಕು, ಭಾರ ಹೊರುವ ಜಾತಿ. ಪಿನ್ನಿಗೆಂದು ನಾನು ಕೇಳಿ ತಂದದ್ದು ಕೆಂಪು. ಅವನು ಕೊಟ್ಟದ್ದು ನಿಜಕ್ಕೂ ಕೆಂಪಿನ ಉಕ್ಕೇ? ಬಣ್ಣ ಬಳಿಯಲು ಎಷ್ಟು ಹೊತ್ತು ಬೇಕು?

ಮುರಿದ ಚೂರಿಗೆ ಅರ ಹಾಕಿ ನೋಡಿದೆ. ಸರಾಗವಾಗಿ ಸವೆಯಿತು. ಗಟ್ಟಿ ಉಕ್ಕು ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಜೂನ್ ೭, ಶನಿವಾರ

ಹೋಗಿ ಕೇಳಿದೆ. ಗೋಡೆಗೆ ಒರಗಿಸಿದ ಕಂಬಿಗಳು, ಹಾಲಿನಂಥ ನೀರು ಸುರಿಸಿಕೊಳ್ಳುತ್ತ ಕಿರುಗುಡುವ ಗರಗಸ, ನೆಲಕ್ಕೆಲ್ಲ ಎಣ್ಣೆ. ತುಂಡುರಾಯ ಕಿವಿಗೆ ಹತ್ತಿ ತುರುಕಿಕೊಂಡೇ ಮಾತಾಡುತ್ತಾನೆ, ಹಾಗಾಗಿ ಪ್ರತಿ ಮಾತೂ ಬೀದಿಗೆ ಕೇಳುತ್ತದೆ.

"ಕೆಂಪು ಕೇಳಿದ್ರಿ, ಕೆಂಪೇ ಕೊಟ್ಟಿದ್ದೀನಿ! ನನ್ನ ಕೆಂಪಲ್ಲಿ ಲಾರಿಯ ಆಕ್ಸಲ್ ಮಾಡ್ತಾರೆ ಮೇಡಂ, ಲಾರಿ ಮುರೀತದೆ, ಆಕ್ಸಲ್ ಮುರಿಯಲ್ಲ!"

"ಇದು ಮುರಿದಿದೆಯಲ್ಲ."

ಚೂರನ್ನು ಬೆಳಕಿಗೆ ಹಿಡಿದ. "ಇದು ನಂದಲ್ಲ."

"ನಿಮ್ಮಲ್ಲೇ ತಂದದ್ದು."

"ಅವತ್ತು ಹಳದಿದೂ ಒಂದು ತಗೊಂಡಿದ್ರಲ್ಲ, ಅದೇ ದಪ್ಪದ್ದು?"

ಮಾತು ಬೇರೆ ಕಡೆ ತಿರುಗಿಸುವವರನ್ನು ನಾನು ಕೆಲಸದಲ್ಲಿ ದಿನವೂ ನೋಡುತ್ತೇನೆ. "ಹಳದಿಯ ವಿಷಯ ಈಗ ಬೇಡ" ಎಂದೆ. "ಇದರಿಂದ ಒಬ್ಬ ಮನುಷ್ಯ ಮೆಟ್ಟಿಲ ಮೇಲಿಂದ ಬಿದ್ದಿದ್ದಾನೆ."

"ಅಯ್ಯೋ ಪಾಪ" ಎಂದ. ಕೂಡಲೇ "ಆದ್ರೆ ಇದು ನಂದಲ್ಲ" ಎಂದ. ಅಂಗಡಿಯಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು.

ಬರುವಾಗ ಬೇಕೆಂದೇ ಒಂದು ಗೇಣು ಹಿತ್ತಾಳೆ ಕತ್ತರಿಸಿಕೊಂಡು ಬಂದು ಮನೆಯಲ್ಲಿ ಅಳೆದೆ. ಬಿಲ್ಲಿನಲ್ಲಿ ಬರೆಸಿದ್ದಕ್ಕಿಂತ ಉದ್ದ ಕೂದಲೆರಡರಷ್ಟು ಕಡಿಮೆ ಇದೆ. ಅಷ್ಟರಲ್ಲಿ ಮೋಸ ಮಾಡುವವನು ಅದಕ್ಕಿಂತ ದೊಡ್ಡದರಲ್ಲಿ ಮಾಡಲಾರನೇ?

ಜೂನ್ ೮, ಭಾನುವಾರ

ಗುಂಪಿಗೆ ಬರೆದೆ. ಅವನ ಬಣ್ಣವನ್ನು ನಂಬಬೇಡಿ, ನನ್ನ ಮನೆಯಲ್ಲಿ ಹೀಗೆ ಹೀಗೆ ಆಗಿದೆ ಎಂದು. ಮುರಿದ ಪಿನ್ನಿನ ಫೋಟೋ ಹಾಕಿದೆ. ಪುಟ್ಟ ಪುಟ್ಟ ಎಂಜಿನ್ನುಗಳನ್ನು ಮಾಡುವ ಹಲ್ಲಿನ ಡಾಕ್ಟರು ಮಾತ್ರ "ಖಚಿತವೇ?" ಎಂದು ಕೇಳಿದರು. ಉಳಿದವರೆಲ್ಲ ಕೋಪದ ಮುಖ ಕಳಿಸಿದರು.

ಖಚಿತವೇ? ಬೇರೆ ಏನಿರಲು ಸಾಧ್ಯ?

ಜೂನ್ ೧೧, ಬುಧವಾರ

ಮುದ್ರಣಾಲಯದ ಮೆಟ್ಟಿಲು ನೋಡಿ ಬಂದೆ. ಒಂದು ಮೆಟ್ಟಿಲ ಅಂಚು ಒಡೆದಿದೆ. ಕಾವಲಿನವನನ್ನು ಕೇಳಿದೆ, ಅದು ಮೊದಲಿನಿಂದಲೂ ಹಾಗೇ ಎಂದ. ಹೇಗೆ ಬಿದ್ದರು, ಮುಗ್ಗರಿಸಿದರೋ ಕುಸಿದರೋ ಎಂದು ಕೇಳಿದೆ. "ಸಾರ್‌ನೇ ಕೇಳಿ ಅಮ್ಮ" ಎಂದು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

ಜೂನ್ ೧೪, ಶನಿವಾರ

ಇವರ ತಂಗಿ ಅಣ್ಣನನ್ನು ನೋಡಲು ಬಂದಳು. ನಾದಿನಿ ಬಂದರೆ ಮನೆಯಲ್ಲಿ ರೇಡಿಯೋ ಹಾಕಿದಂತೆ. ನನ್ನ ಯೋಜನೆಗೆ ಅವಳೇ ಸರಿ ಎನಿಸಿತು.

"ನೀನು ತುಂಡುರಾಯನ ಅಂಗಡಿಗೆ ಹೋಗಿ ಕೆಂಪು ತುದಿಯದ್ದು ಒಂದು ಗೇಣು ತಗೊಂಡು ಬಾ. ನನ್ನ ಹೆಸರು ಎತ್ತಬೇಡ."

"ಯಾತಕ್ಕೆ ಅಂತ ಕೇಳಿದ್ರೆ?"

"ಏನಾದ್ರೂ ಹೇಳು."

"ಗಂಡನ್ನ ಹೊಡಿಯೋಕೆ ಅಂತೀನಿ. ಗಟ್ಟಿದೇ ಕೊಡ್ತಾನೆ."

ಬೀದಿಯ ತಿರುವಿನಲ್ಲಿ, ಟೈರಿನಂಗಡಿಯ ಮರೆಯಲ್ಲಿ ನಾನು ನಿಂತೆ. ನಲವತ್ತು ದಾಟಿದ ಹೆಂಗಸು ಟೈರುಗಳ ನಡುವಿನಿಂದ ಇಣುಕುತ್ತಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಅವಳು ತುಂಡನ್ನು ಛತ್ರಿಯಂತೆ ತಿರುಗಿಸುತ್ತ ಬಂದಳು. "ಒಳ್ಳೇ ಮನುಷ್ಯ ಅತ್ತಿಗೆ. ಚಹಾ ಕುಡಿಸಿದ. ಯಾರೋ ಒಬ್ಬರು ಅವನ ಮೇಲೆ ಅಪವಾದ ಹೊರಿಸಿದ್ದಾರಂತೆ, ಒಂದು ವಾರದಿಂದ ಊಟ ಸೇರ್ತಿಲ್ಲವಂತೆ."

"ನೀನೇನಂದೆ?"

"ಅಂಥವರಿಗೆ ಒಳ್ಳೇದಾಗಲ್ಲ ಅಂದೆ. ಇನ್ನೇನು ಅನ್ನಲಿ? ಹೆಸರು ಎತ್ತಬೇಡ ಅಂದಿದ್ರಲ್ಲ."

ಜೂನ್ ೧೫, ಭಾನುವಾರ

ನಾದಿನಿ ತಂದ ತುಂಡಿಗೆ ಅರ ಹಾಕಿದೆ. ಜಾರುತ್ತದೆ, ಕಚ್ಚುವುದಿಲ್ಲ. ಅಪ್ಪಟ ಗಟ್ಟಿ ಉಕ್ಕು. ಇದರಿಂದ ಎರಡು ಅರ್ಥ ಹೊರಡುತ್ತವೆ. ಅವನು ಪ್ರಾಮಾಣಿಕ, ಇಲ್ಲವೇ ಈಗ ಎಚ್ಚರಿಕೆಯಿಂದಿದ್ದಾನೆ. ಎರಡನೆಯದೇ ಹೆಚ್ಚು ಸಂಭವ.

ಮಣಿಕಟ್ಟಿನ ಊತ ಇಳಿದಿದೆ. ಇವರು ನಾಳೆಯಿಂದ ಕೆಲಸಕ್ಕೆ ಹೋಗುತ್ತಾರಂತೆ. "ಪಿನ್ನಿಲ್ಲದೆ ಹೇಗೆ?" ಎಂದೆ. "ಹಳೇದೊಂದು ಸಿಕ್ತು, ಸದ್ಯಕ್ಕೆ ನಡೆಯತ್ತೆ" ಎಂದರು. ಹಳೆಯದನ್ನು ಸವೆದು ಹೋಯಿತೆಂದು ನಾನೇ ಎಸೆದಿದ್ದೆ.

ಅವರು ಸ್ನಾನಕ್ಕೆ ಹೋದಾಗ ಕ್ಯಾಲಿಪರ್ ಎತ್ತಿ ನೋಡಿದೆ. ಕೀಲಿನಲ್ಲಿ ಒಂದು ಸೈಕಲ್ ಬೋಲ್ಟು ಇದೆ. ಹೊಸದು. ಬಿಗಿದ ಸ್ಪ್ಯಾನರಿನ ಗೀರು ಕೂಡ ಹೊಸದು.

ನೀರಿನ ಸದ್ದು ನಿಂತಿತು. ಇದ್ದ ಹಾಗೇ ಗೋಡೆಗೆ ಒರಗಿಸಿದೆ.

ಜೂನ್ ೧೬, ಸೋಮವಾರ

ಬೋಲ್ಟಿನ ವಿಷಯ ಕೇಳಲಿಲ್ಲ. ಅವರೂ ಹೇಳಲಿಲ್ಲ. ಟಿಫಿನ್ ಡಬ್ಬಿ ಕೊಟ್ಟೆ, ತಗೊಂಡರು.

ಜೂನ್ ೧೯, ಗುರುವಾರ

ಹಲ್ಲಿನ ಡಾಕ್ಟರು ಫೋನು ಮಾಡಿದರು. ತುಂಡುರಾಯ ಇನ್ನು ಮೇಲೆ ತುಂಡು ಮಾರುವುದಿಲ್ಲವಂತೆ. ಪೂರ್ತಿ ಕಂಬಿ ಮಾತ್ರ. ಅಂಗಡಿಯ ಮುಂದೆ ಸೀಮೆಸುಣ್ಣದಲ್ಲಿ ಬರೆದು ಹಾಕಿದ್ದಾನೆ.

"ನೀವು ಬರೆದದ್ದು ಅವನ ಕಿವಿಗೆ ಬಿದ್ದಿದೆ" ಎಂದರು. "ಚಿಲ್ಲರೆ ಗಿರಾಕಿಯಿಂದ ಲಾಭವೂ ಇಲ್ಲ, ಮರ್ಯಾದೆಯೂ ಇಲ್ಲ ಅಂತಾನೆ. ನಾನೀಗ ಹೆಬ್ಬೆಟ್ಟಿನಷ್ಟು ಪಿಸ್ಟನ್ ಮಾಡೋಕೆ ಲಾರಿ ತಗೊಂಡು ಹೋಗಿ ಕಂಬಿ ತರಬೇಕೇನಮ್ಮ?"

"ಮೋಸದ ಲೋಹಕ್ಕಿಂತ ಲೋಹ ಇಲ್ಲದಿರುವುದೇ ಮೇಲು" ಎಂದೆ.

"ಹಲ್ಲು ಕೀಳೋಕೆ ಮುಂಚೆ ನಾನು ಯಾವ ಹಲ್ಲು ಅಂತ ಎರಡು ಸಲ ಬಡಿದು ನೋಡ್ತೀನಿ" ಎಂದು ಇಟ್ಟುಬಿಟ್ಟರು.

ಅಂದರೆ? ನಾನು ನೋಡಿಲ್ಲವೇ?

ಆ ಬೋಲ್ಟು ಎಲ್ಲಿ ಹಾಕಿಸಿಕೊಂಡರು, ಯಾರ ಮುಂದೆ ಪ್ಯಾಂಟು ಮಡಚಿ ಏನು ಹೇಳಿಕೊಂಡರು ಎಂದೇ ದಿನವಿಡೀ ತಲೆ ತಿನ್ನುತ್ತಿದೆ.

ಜೂನ್ ೨೧, ಶನಿವಾರ

ನಾದಿನಿ ತಂದ ತುಂಡಿನಿಂದಲೇ ಹೊಸ ಪಿನ್ನು ಮಾಡಲು ಕೂತೆ. ಸೈಕಲ್ ಬೋಲ್ಟಿನ ಮೇಲೆ ಒಂದು ಸಂಸಾರ ನಡೆಯಬಾರದು.

ಕೆಲಸದಲ್ಲಿ ನನಗೊಂದು ಕ್ರಮವಿದೆ. ಬಣ್ಣವಿಲ್ಲದ ತುದಿಯನ್ನು ಲೇತಿನ ದವಡೆಗೆ ಕಚ್ಚಿಸುತ್ತೇನೆ, ಏಕೆಂದರೆ ಬಣ್ಣ ಜಾರುತ್ತದೆ, ದವಡೆಗೂ ಮೆತ್ತಿಕೊಳ್ಳುತ್ತದೆ. ಹೊರಗುಳಿದ ಬಣ್ಣದ ತುದಿಯನ್ನು ಮೊದಲು ತೆಳ್ಳಗೆ ತರಿದು ಚೊಕ್ಕ ಮಾಡುತ್ತೇನೆ. ಯಾವ ತುಂಡು ತಂದರೂ ಮಾಡುವ ಮೊದಲ ಕೆಲಸ ಇದೇ. ಆಮೇಲೆ ಒರೆಸಿ, ಮೂಲೆಯ ಪೈಪಿನಲ್ಲಿ ನಿಲ್ಲಿಸುತ್ತೇನೆ. ಎಲ್ಲ ತುಂಡುಗಳೂ ಹೊಳೆಯುತ್ತ ಸಾಲಾಗಿ ನಿಂತಿರುವುದನ್ನು ನೋಡಿದರೆ ಖುಷಿ.

ಇವತ್ತೂ ತರಿದೆ. ಕೆಂಪು ಪುಡಿ ಟ್ರೇಗೆ ಬಿತ್ತು. ಆಮೇಲೆ ಉಕ್ಕು ಉದ್ದುದ್ದ ನೀಲಿ ಸುರುಳಿಯಾಗಿ ಬರತೊಡಗಿತು, ಬಿಸಿಯಾಗಿ, ಹಟದಿಂದ. ಹೋದ ಸಲ ಹೀಗಿರಲಿಲ್ಲ. ಸಾಸಿವೆಯಂತೆ ಚಟಪಟನೆ ಉದುರಿತ್ತು, ಮೈ ಕನ್ನಡಿಯಾಗಿತ್ತು. ಎಷ್ಟು ಚೆನ್ನಾಗಿ ಬರುತ್ತಿದೆ ಎಂದು ಹಿಗ್ಗಿದ್ದೆ.

ಲೇತು ನಿಲ್ಲಿಸಿದೆ. ಟ್ರೇಯಲ್ಲಿ ಕೆಂಪು ಪುಡಿ. ಬೆರಳಲ್ಲಿ ಕೆದಕಿದೆ. ಅಡಿಯಲ್ಲಿ, ಹಳೆಯ ಎಣ್ಣೆಗೆ ಅಂಟಿಕೊಂಡು, ಹಳದಿ.

ಪೈಪಿನಿಂದ ಒಂದೇ ದಪ್ಪದ ಎರಡು ತುಂಡು ತೆಗೆದೆ. ಎರಡೂ ಅಂದು ಒಟ್ಟಿಗೆ ತಂದವು. ಎರಡಕ್ಕೂ ಬಣ್ಣವಿಲ್ಲ. ಒಂದನ್ನು ತರಿದೆ: ಸಾಸಿವೆ. ಇನ್ನೊಂದನ್ನು ತರಿದೆ: ನೀಲಿ ಸುರುಳಿ.

ಅವನ ಕೆಂಪು ನನ್ನ ಮೂಲೆಯಲ್ಲೇ ನಿಂತಿತ್ತು. ನಾನು ಪಿನ್ನಿಗೆ ಎತ್ತಿಕೊಂಡದ್ದು ಹಳದಿಯನ್ನು. ಯಾವುದು ಯಾವುದೆಂದು ಹೇಳುತ್ತಿದ್ದ ಒಂದೇ ಗುರುತನ್ನು, ತಂದ ದಿನವೇ, ಅಚ್ಚುಕಟ್ಟಿನ ಹೆಸರಿನಲ್ಲಿ ನನ್ನ ಕೈಯಾರೆ ತರಿದು ಹಾಕಿದ್ದೆ.

ಬಟ್ಟೆ ಒಗೆಯುವ ಯಂತ್ರ ತಿರುಗಿ ತಿರುಗಿ ನಿಂತಿತು. ಒಣಹಾಕಲಿಲ್ಲ.

ಜೂನ್ ೨೨, ಭಾನುವಾರ

ಹೇಳಿದೆ. ಇವರು ಮಂಚದ ಮೇಲೆ ಕೂತು ಬೆಲ್ಟು ಬಿಗಿಯುತ್ತಿದ್ದರು.

"ಅವನ ತಪ್ಪಲ್ಲ. ನಂದು. ಮೆತ್ತಗಿನ ಉಕ್ಕಲ್ಲಿ ಮಾಡಿಬಿಟ್ಟಿದ್ದೆ. ನಿಮ್ಮನ್ನ ನಾನೇ ಬೀಳಿಸಿದೆ."

"ಗೊತ್ತಿತ್ತು" ಎಂದರು.

"ಏನು?"

"ಉಕ್ಕಿನ ವಿಷಯ ಅಲ್ಲ. ಪಿನ್ನು ಸರಿಯಿಲ್ಲ ಅಂತ. ಬೀಳೋಕೆ ಎಷ್ಟೋ ದಿನ ಮುಂಚೆಯಿಂದ ಟಕ್ ಟಕ್ ಅಂತಿತ್ತು. ಹೆಜ್ಜೆ ಇಟ್ಟಾಗೆಲ್ಲ ಸ್ವಲ್ಪ ಅಲ್ಲಾಡೋದು."

"ಮತ್ತೆ ಯಾಕ್ರೀ ಹೇಳಲಿಲ್ಲ?"

"ಮೊದಮೊದಲು, ನೀನು ಅಷ್ಟು ಖುಷಿಯಾಗಿದ್ದೆ ಅಂತ. ಆಮೇಲೆ..." ಬೆಲ್ಟಿನ ತೂತು ಹುಡುಕಿದರು. "ಹೇಳಿದ್ರೆ ವಿಚಾರಣೆ ಶುರುವಾಗ್ತಿತ್ತು. ಎಲ್ಲಿ ಹತ್ತಿದ್ರಿ, ಎಲ್ಲಿ ಇಳಿದ್ರಿ, ಯಾಕೆ ಬೇಗ ನಡೆದ್ರಿ, ನೀರು ತಾಗಿಸಿದ್ರಾ. ಮೊದಲನೇ ಕಳ್ಳ ನಾನೇ ಆಗ್ತಿದ್ದೆ."

"ನಾನು ಹಾಗೆ ಮಾಡ್ತೀನಾ?"

ಅವರು ನನ್ನ ಮುಖ ನೋಡಿದರು. ತಪ್ಪಿದ ಅಕ್ಷರದ ಮೇಲೆ ಪೆನ್ನು ನಿಲ್ಲಿಸುವ ನೋಟ ಅದು.

"ನೀನು ಅಂಗಡಿಯವನನ್ನ ಕೇಳಿದೆ. ಡಾಕ್ಟರನ್ನ ಕೇಳಿದೆ. ನಮ್ಮ ಆಫೀಸಿನ ಕಾವಲಿನವನನ್ನೂ ಹೋಗಿ ಕೇಳಿದ್ಯಂತೆ. ನನ್ನ ತಂಗೀನ ಪತ್ತೇದಾರಿ ಮಾಡಿ ಕಳಿಸಿದೆ. ಬಿದ್ದವನು ಇಲ್ಲೇ ಮಂಚದ ಮೇಲಿದ್ದೆ ಕಣೇ. ಹೇಗೆ ಬಿದ್ರಿ ಅಂತ ನನ್ನನ್ನ ಕೇಳಿದ್ಯಾ?"

ಕೇಳಿರಲಿಲ್ಲ. ಕೇಳಿರಬೇಕೆಂದು ಎಷ್ಟು ನೆನಪಿಸಿಕೊಂಡರೂ, ಕೇಳಿರಲಿಲ್ಲ.

"ಈಗ ಕೇಳ್ತೀನಿ" ಎಂದೆ. "ಹೇಗೆ ಬಿದ್ರಿ?"

"ಬಲಗಾಲು ಇಟ್ಟೆ. ಎಡಗಾಲಿಗೆ ಭಾರ ಬಿಟ್ಟೆ. ಟಕ್ ಅಂದಿದ್ದು ನಿಲ್ಲಲೇ ಇಲ್ಲ, ಹಾಗೇ ಮಡಚಿಕೊಂಡು ಹೋಯ್ತು. ಮೊದಲು ಹೊಳೆದದ್ದು ಏನು ಗೊತ್ತಾ? ನಿನಗೆ ಏನಂತ ಹೇಳೋದು ಅಂತ."

ಹೊಸ ಪಿನ್ನು ಮಾಡುತ್ತಿದ್ದೇನೆ, ಹಾಕಿಕೊಳ್ಳುತ್ತೀರಾ ಎಂದು ಕೇಳಿದೆ. "ನೋಡೋಣ" ಎಂದರು. ಬೋಲ್ಟಿನ ಕಾಲಲ್ಲೇ ಹೊರಗೆ ಹೋದರು.

ಜೂನ್ ೨೩, ಸೋಮವಾರ

ಗುಂಪಿಗೆ ಬರೆದೆ. ಏನಾಯಿತೆಂದು ಬಿಡಿಸಿ ಬರೆದೆ. ಮೊದಲು 'ಗೊಂದಲದಿಂದಾಗಿ' ಎಂದು ಬರೆದಿದ್ದೆ. ಅಳಿಸಿ 'ನನ್ನಿಂದ' ಎಂದು ಹಾಕಿದೆ. ಹಲ್ಲಿನ ಡಾಕ್ಟರು ಕೈ ಮುಗಿದ ಚಿತ್ರ ಕಳಿಸಿದರು. ಕೆಳಗೆ: "ನಮ್ಮ ಲೇತಿನ ಪಕ್ಕದಲ್ಲೂ ಬಣ್ಣ ಇಲ್ಲದ ಒಂದು ರಾಶಿ ಇದೆ, ಯಾರಿಗೂ ಹೇಳಬೇಡಿ." ಆಮೇಲೆ ಇನ್ನೂ ಇಬ್ಬರು ಅದನ್ನೇ ಬರೆದರು.

ಜೂನ್ ೨೮, ಶನಿವಾರ

ಸೀಮೆಸುಣ್ಣದ ಬರಹ ಇನ್ನೂ ಇತ್ತು. ಪೂರ್ತಿ ಕಂಬಿ ಮಾತ್ರ. ತುಂಡುರಾಯ ನನ್ನನ್ನು ಕಂಡು ಗರಗಸ ಹಾಕಿದ, ಮಾತು ಕೇಳಬಾರದೆಂದು. ನಿಲ್ಲಿಸುವವರೆಗೆ ನಿಂತೆ. ಅಂಗಡಿಯಲ್ಲಿ ಆ ದಿನದಷ್ಟೇ ಜನರಿದ್ದರು. ಅದು ಒಳ್ಳೆಯದೇ ಆಯಿತು.

"ನಿಮ್ಮ ಕೆಂಪು ಕೆಂಪೇ" ಎಂದೆ. "ತಪ್ಪು ನಂದು. ಬಣ್ಣ ತರಿದು ಹಾಕಿ ಎರಡನ್ನೂ ಬೆರೆಸಿಬಿಟ್ಟಿದ್ದೆ."

ಕಿವಿಯ ಹತ್ತಿ ತೆಗೆದ. "ಇನ್ನೊಂದ್ಸಲ ಹೇಳಿ, ಸರಿಯಾಗಿ ಕೇಳಿಸಲಿಲ್ಲ."

ಕೇಳಿಸಿತ್ತು. ಆದರೂ ಹೇಳಿದೆ, ಇನ್ನೂ ಗಟ್ಟಿಯಾಗಿ.

"ಆದ್ರೆ ಹಿತ್ತಾಳೆ ಅಳತೇಲಿ ಕಡಿಮೆ ಇತ್ತು" ಎಂದೂ ಹೇಳಿಬಿಟ್ಟೆ. ಸುಮ್ಮನಿರಲಾಗಲಿಲ್ಲ.

"ಗರಗಸ ಕಡಿಯುವಾಗ ಒಂದಿಷ್ಟು ತಿನ್ನಲ್ವಾ? ಅದು ಯಾರ ಲೆಕ್ಕಕ್ಕೆ?"

"ನಿಮ್ಮ ಲೆಕ್ಕಕ್ಕೆ."

"ಅಬ್ಬಬ್ಬಾ!" ಎಂದು ಅಂಗಡಿಯಲ್ಲಿದ್ದವರ ಕಡೆ ತಿರುಗಿದ. "ತಪ್ಪು ಒಪ್ಪಿಕೊಳ್ಳೋಕೆ ಬಂದು ನನ್ನ ಮೇಲೇ ದಂಡ ಹಾಕ್ತಾರೆ, ನೋಡಿ!" ಎಲ್ಲರೂ ನಕ್ಕರು. ನನಗೂ ನಗು ಬಂತು.

ತುಂಡು ಕೊಡುತ್ತೀರಾ ಎಂದು ಕೇಳಿದೆ. ನನಗೆ ಮಾತ್ರವಲ್ಲ, ನಮ್ಮ ಗುಂಪಿನವರಿಗೆಲ್ಲ. ಯೋಚಿಸುತ್ತೇನೆ ಎಂದ. ಒಂದು ಕೆಂಪು ಕಂಬಿಯನ್ನು ಎಳೆದು ಗೇಣುದ್ದ ಕತ್ತರಿಸಿ, ಡಬ್ಬಿ ತಂದು, ಬಣ್ಣವನ್ನು ಎರಡೂ ತುದಿಗೆ ಬಳಿದ. ಮೈಗೂ ಉದ್ದಕ್ಕೆ ಒಂದು ಗೆರೆ ಎಳೆದ.

"ನಿಮಗೆ ಮಾತ್ರ ಹೀಗೆ. ಬೇಕಾದ್ರೆ ಹೆಸರೂ ಬರೆದು ಕೊಡ್ತೀನಿ."

ಒಣಗದ ಬಣ್ಣ ಕೈಗೆಲ್ಲ ಮೆತ್ತಿಕೊಂಡಿತು. ಹೊರಡುವಾಗ ಹಲಗೆಯ ಮೇಲಿನ 'ಪೂರ್ತಿ' ಎನ್ನುವುದನ್ನು ತೋಳಿನಿಂದ ಒರೆಸುತ್ತಿದ್ದ. ತುಂಡಿನ ಅಳತೆ ನೋಡಿದೆನೋ ಇಲ್ಲವೋ ನೆನಪಿಲ್ಲ.

ಜೂನ್ ೨೯, ಭಾನುವಾರ

ಪಿನ್ನು ಮುಗಿಯಿತು. ಮಂಕಾಗಿದೆ, ಮೈಮೇಲೆ ತೆಳುವಾದ ಗೀರುಗಳಿವೆ, ಹೋದ ಸಲದಷ್ಟು ಚೆಂದವಿಲ್ಲ. ಊಟದ ಮೇಜಿನ ಮೇಲೆ ಇಟ್ಟೆ. ಹಾಕಿಕೊಳ್ಳಿ ಎಂದು ಹೇಳಲಿಲ್ಲ. ಇವರು ಬೆರಳಲ್ಲಿ ಉರುಳಿಸಿದರು, "ಸುಂದರಿ ಅಲ್ಲ" ಎಂದರು, ಹಾಕಿಕೊಳ್ಳಲು ಸ್ಪ್ಯಾನರ್ ಕೇಳಿದರು.

ಜುಲೈ ೨, ಬುಧವಾರ

ಸಂಜೆ ಬಾಗಿಲಲ್ಲೇ ನಿಂತು, ಚೀಲವನ್ನೂ ಇಳಿಸದೆ, "ನಿನ್ನ ಪಿನ್ನು ಸದ್ದು ಮಾಡ್ತಿದೆ ಕಣೇ" ಎಂದರು. "ಮಧ್ಯಾಹ್ನದಿಂದ."

"ಎಂಥ ಸದ್ದು?"

"ಟಕ್ ಅಲ್ಲ. ಕಿರ್ ಅಂತ. ಕುರ್ಚಿಯಿಂದ ಏಳುವಾಗ. ಸರಿಯಾಗಿ ಕೇಳಿಸಿಕೊಂಡು ನಿನಗೆ ಹೇಳೋಣ ಅಂತ ನಾಲ್ಕೈದು ಸಲ ಎದ್ದು ಕೂತು ಮಾಡಿದೆ. ಪಕ್ಕದ ಮೇಜಿನವನು, ಏನ್ ಸಾರ್, ಮೂಲವ್ಯಾಧಿನಾ ಅಂದ."

ಸ್ಟೂಲು ಎಳೆದುಕೊಂಡು ಅವರ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಪಿನ್ನು ತೆಗೆದು ಅಳೆದೆ. ಒಂದು ಕಡೆ ಚೂರು ದಪ್ಪ ಉಳಿದಿದೆ, ಅಲ್ಲಿ ಉಜ್ಜುತ್ತಿದೆ. ಗಟ್ಟಿ ಉಕ್ಕು ಕಡೆದು ನನಗೆ ಅಭ್ಯಾಸವಿಲ್ಲ. ನಾಳೆ ಸರಿಮಾಡಬೇಕು. ಅವರು ಆ ಕಡೆ ಅಲ್ಲ, ಈ ಕಡೆ ನೋಡು, ಇಲ್ಲಿ ಅಂತ ಬೆರಳಿಟ್ಟು ತೋರಿಸುತ್ತಲೇ ಇದ್ದರು.

ಯಾಕೋ ಇವತ್ತು ಎರಡನೇ ಸಲ ಅನ್ನ ಬಡಿಸಿಕೊಂಡೆ. ಇಷ್ಟು ಹಸಿವಿತ್ತೆಂದು ಗೊತ್ತೇ ಇರಲಿಲ್ಲ.